ದುಡಿಯುವ ಕೈಯೇ ನಿಂತರೆ ಸಂಬಳಕ್ಕೇನು ದಾರಿ?

ಪ್ರಶ್ನೆ: ನನಗೆ 35 ವರ್ಷ. ಬೆಂಗಳೂರಿನ ಪೀಣ್ಯದಲ್ಲಿ ಒಂದು ಕಾರ್ಖಾನೆಯಲ್ಲಿ ಪ್ರೆಸ್ ಮೆಷಿನ್ ಆಪರೇಟರ್. ಹತ್ತು ವರ್ಷದ ಸರ್ವಿಸ್, ಸಂಬಳ 32,000. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಮಗಳು 3ನೇ ಕ್ಲಾಸು, ಅಮ್ಮ ಜೊತೆಗಿದ್ದಾರೆ. ಮನೆ ಸಾಲದ ಕಂತು ತಿಂಗಳಿಗೆ 11,000. ನನ್ನ ಹೆಸರಲ್ಲಿ 50 ಲಕ್ಷದ ಟರ್ಮ್ ಪಾಲಿಸಿ ಇದೆ, ಮನೆಯವರಿಗೆಲ್ಲ ಸೇರಿ 5 ಲಕ್ಷದ ಆರೋಗ್ಯ ವಿಮೆ ಇದೆ. ಈಗ ಏಜೆಂಟ್ ಒಬ್ಬರು ಅಂಗವೈಕಲ್ಯಕ್ಕೂ ವಿಮೆ ಮಾಡಿಸಿ ಅಂತ ಹಿಂದೆ ಬಿದ್ದಿದ್ದಾರೆ. ಎರಡು ಪಾಲಿಸಿ ಇರುವಾಗ ಮೂರನೆಯದು ಸುಮ್ನೆ ದಂಡ ಅಲ್ವಾ? ಏನಾದರೂ ಆದರೆ ಇಎಸ್‌ಐ ಇದೆ, ಕಂಪನಿ ಇದೆ, ನೋಡಿಕೊಳ್ಳಲ್ವಾ?

ಉತ್ತರ: ನಿಮ್ಮ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ನನಗೆ ಭಯ ಆಗಿದ್ದು ಅದನ್ನು ಓದಿ. ನಿಮಗೆ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಇಲ್ಲ.

ಈ ತಿಂಗಳ ಸಂಬಳದ ಚೀಟಿ ತೆಗೆದು ನೋಡಿ. ಪಿಎಫ್ ಕಡಿತ ಇರುತ್ತದೆ, ವೃತ್ತಿ ತೆರಿಗೆ 200 ರೂಪಾಯಿ ಇರುತ್ತದೆ. ಇಎಸ್‌ಐ ಅನ್ನುವ ಕಡೆ ಏನೂ ಇರಲ್ಲ. ಇಎಸ್‌ಐಗೆ ಸಂಬಳದ ಮಿತಿ ಇದೆ. 2017ರಿಂದ ಅದು ತಿಂಗಳಿಗೆ 21,000. ವಿಕಲಚೇತನ ನೌಕರರಿಗೆ ಮಾತ್ರ 25,000. ನಿಮ್ಮ ಸಂಬಳ ಆ ಗೆರೆ ದಾಟಿದ ವರ್ಷ, ಆಗ ನಡೆಯುತ್ತಿದ್ದ ಆರು ತಿಂಗಳ ವಂತಿಗೆ ಅವಧಿ ಮುಗಿದ ಕೂಡಲೇ ನೀವು ಇಎಸ್‌ಐಯಿಂದ ಹೊರಗೆ ಬಂದಿದ್ದೀರಿ. ಯಾರೂ ಕರೆದು ಹೇಳಿರಲ್ಲ. ಪ್ರಮೋಷನ್ ಆಯ್ತು, ಮನೆಗೆ ಸ್ವೀಟ್ ತಂದಿರಿ, ಅಷ್ಟೇ.

ಕಳೆದುಕೊಂಡದ್ದು ಏನು ಅಂತ ಗೊತ್ತಾದರೆ ಮಾತ್ರ ನಿಮ್ಮ ಪ್ರಶ್ನೆಗೆ ಉತ್ತರ ಸಿಗುತ್ತದೆ. ನಿಮಗೆ 20,000 ಸಂಬಳ ಇದ್ದಾಗ ನಿಮ್ಮಿಂದ ಹೋಗುತ್ತಿದ್ದುದು ಶೇ 0.75, ಅಂದರೆ 150 ರೂಪಾಯಿ. ಮಾಲೀಕರು ಶೇ 3.25 ಕಟ್ಟುತ್ತಿದ್ದರು, 650 ರೂಪಾಯಿ. ಜನ ಇಎಸ್‌ಐ ಅಂದರೆ ಆಸ್ಪತ್ರೆ, ಉದ್ದನೆಯ ಕ್ಯೂ, ಮಾತ್ರೆ ಅಂತ ಮಾತ್ರ ನೆನಪಿಟ್ಟುಕೊಳ್ಳುತ್ತಾರೆ. ಅದರ ಒಳಗಿದ್ದ ದೊಡ್ಡ ವಿಷಯ ಬೇರೆ. ಕೆಲಸದಲ್ಲಿ ಪೆಟ್ಟಾಗಿ ಮನೆಯಲ್ಲಿ ಕೂರಬೇಕಾಗಿ ಬಂದರೆ, ವಾಸಿಯಾಗುವವರೆಗೂ ಸಂಬಳದ ಶೇ 90 ಬರುತ್ತಿತ್ತು. ಸೇರಿದ ಮೊದಲನೇ ದಿನವೇ ಪೆಟ್ಟಾದರೂ ಬರುತ್ತಿತ್ತು. ಕೈಯೋ ಕಾಲೋ ಶಾಶ್ವತವಾಗಿ ಊನವಾದರೆ, ಮೆಡಿಕಲ್ ಬೋರ್ಡ್ ಎಷ್ಟು ಪರ್ಸೆಂಟ್ ದುಡಿಮೆ ಹೋಯಿತು ಅಂತ ಬರೆಯುತ್ತದೋ ಅಷ್ಟರ ಪ್ರಕಾರ ಜೀವನಪೂರ್ತಿ ತಿಂಗಳು ತಿಂಗಳು ಹಣ. ಮನೆಯಿಂದ ಕೆಲಸಕ್ಕೆ ಹೋಗುವ ದಾರಿಯಲ್ಲಿ ಆದ ಅಪಘಾತವೂ 2010ರ ತಿದ್ದುಪಡಿ ಆದ ಮೇಲೆ ಇದರಲ್ಲಿ ಸೇರಿತ್ತು. ಕಾಯಿಲೆ ಬಿದ್ದರೂ ವರ್ಷಕ್ಕೆ 91 ದಿನದವರೆಗೆ ಶೇ 70 ಸಂಬಳ, ಕೆಲವು ದೀರ್ಘ ಕಾಯಿಲೆಗಳಿಗೆ ಎರಡು ವರ್ಷದವರೆಗೆ ಶೇ 80.

ಇದೇ ಅಂಗವೈಕಲ್ಯ ವಿಮೆ. ನೀವು ವರ್ಷಗಟ್ಟಲೆ ಅದರ ಒಳಗೇ ಇದ್ದಿರಿ, ಹೆಸರು ಗೊತ್ತಿರಲಿಲ್ಲ. ಈಗ ಏಜೆಂಟ್ ಹೇಳುತ್ತಿರುವುದು ಮೂರನೇ ಪಾಲಿಸಿ ಅಂತ ನಿಮಗೆ ಅನ್ನಿಸುತ್ತಿದೆ. ನಿಜವಾಗಿ ನೋಡಿದರೆ ಅದು ನಿಮ್ಮ ಮೊದಲನೇ ಪಾಲಿಸಿಯಾಗಿತ್ತು, ಸಂಬಳ ಜಾಸ್ತಿಯಾದಾಗ ಕೈ ತಪ್ಪಿತು.

"ಕಂಪನಿ ನೋಡಿಕೊಳ್ಳಲ್ವಾ?" ಅನ್ನುವ ಮಾತಿಗೆ ಬರೋಣ. ಇಎಸ್‌ಐ ಇಲ್ಲದ ಕೆಲಸಗಾರರಿಗೆ ಪರಿಹಾರ ಕೊಡಿಸುವ ಕಾನೂನು 1923ರಿಂದ ಇದೆ. ಈಗ ಅದರ ನಿಯಮಗಳು 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿವೆ. ಕೆಲಸದಿಂದ ಪೂರ್ತಿ ಶಾಶ್ವತ ಅಂಗವೈಕಲ್ಯ ಬಂದರೆ ಸಂಬಳದ ಶೇ 60 ಅನ್ನು, ವಯಸ್ಸಿಗೆ ತಕ್ಕ ಒಂದು ಸಂಖ್ಯೆಯಿಂದ ಗುಣಿಸಿ ಕೊಡಬೇಕು. 35 ವರ್ಷಕ್ಕೆ ಆ ಸಂಖ್ಯೆ 197.06. ಕೇಳೋಕೆ ಚೆನ್ನಾಗಿದೆ. ಆದರೆ ಲೆಕ್ಕಕ್ಕೆ ಹಿಡಿಯುವ ಸಂಬಳಕ್ಕೂ ಮಿತಿ ಇದೆ. 2020ರಲ್ಲಿ ನಿಗದಿಯಾದ ಆ ಮಿತಿ 15,000. ನಿಮ್ಮ ನಿಜವಾದ ಸಂಬಳ 32,000 ಇದ್ದರೂ ಲೆಕ್ಕ ನಡೆಯೋದು 15,000ದ ಮೇಲೆ. ಅದರ ಶೇ 60 ಅಂದರೆ 9,000. ಗುಣಿಸಿದರೆ 17,73,540 ರೂಪಾಯಿ.

ಇನ್ನೊಂದು ಕಡೆ ನೀವು 60 ವರ್ಷದವರೆಗೆ ದುಡಿದರೆ 300 ತಿಂಗಳು. ಒಂದು ರೂಪಾಯಿ ಇಂಕ್ರಿಮೆಂಟ್ ಇಲ್ಲ ಅಂದುಕೊಂಡರೂ 96 ಲಕ್ಷ. ಬರುವ ಹದಿನೇಳು ಮುಕ್ಕಾಲು ಲಕ್ಷವನ್ನು ಶೇ 7 ಬಡ್ಡಿಗೆ ಬ್ಯಾಂಕಿನಲ್ಲಿಟ್ಟರೆ ತಿಂಗಳಿಗೆ ಹತ್ತು ಸಾವಿರ ಚಿಲ್ಲರೆ. ನಿಮ್ಮ ಮನೆ ಸಾಲದ ಕಂತಿಗೇ ಸಾಲಲ್ಲ.

ತಾತ್ಕಾಲಿಕವಾಗಿ ಮಲಗಿದರೆ ಇನ್ನೂ ಕಷ್ಟ. ಹದಿನೈದು ದಿನಕ್ಕೊಮ್ಮೆ ತಿಂಗಳ ಸಂಬಳದ ಶೇ 25, ಅಂದರೆ 15,000ದ ಲೆಕ್ಕದಲ್ಲಿ ತಿಂಗಳಿಗೆ 7,500. ಇಎಸ್‌ಐಯಲ್ಲಿ 20,000 ಸಂಬಳದವನಿಗೆ ತಿಂಗಳಿಗೆ 18,000 ಸಿಗುವ ಜಾಗದಲ್ಲಿ, 32,000 ದುಡಿಯುವ ನಿಮಗೆ 7,500. ಇದನ್ನು ಎಷ್ಟು ಸಲ ಲೆಕ್ಕ ಹಾಕಿದರೂ ನನಗೆ ಸಂಕಟವಾಗುತ್ತದೆ. ನಿಮ್ಮಂಥ ಸಾವಿರಾರು ಜನ ಈ ಸಂದಿಯಲ್ಲಿದ್ದಾರೆ. ಇಎಸ್‌ಐಗೆ ಸಂಬಳ ಜಾಸ್ತಿ, ಉಳಿತಾಯಕ್ಕೆ ಸಂಬಳ ಕಮ್ಮಿ.

ಪಿಎಫ್ ಜೊತೆಗಿರುವ ಪಿಂಚಣಿ ಯೋಜನೆಯಲ್ಲೂ ಅಂಗವೈಕಲ್ಯ ಪಿಂಚಣಿ ಇದೆ. ಒಂದೇ ತಿಂಗಳ ವಂತಿಗೆ ಕಟ್ಟಿದ್ದರೂ ಸಿಗುತ್ತದೆ, ಅದು ಒಳ್ಳೆಯದು. ಆದರೆ ಪೂರ್ತಿ ಮತ್ತು ಶಾಶ್ವತ ಅಂಗವೈಕಲ್ಯಕ್ಕೆ ಮಾತ್ರ. ಮೊತ್ತವೂ ಚಿಕ್ಕದು. 15,000ದ ಮೇಲೆ ಹತ್ತು ವರ್ಷದ ಸರ್ವಿಸ್ ಲೆಕ್ಕ ಹಾಕಿದರೆ ತಿಂಗಳಿಗೆ ಸುಮಾರು 2,140. ಕೆಲಸ ಉಳಿಯುತ್ತಾ ಅನ್ನುವುದು ಬೇರೆ ಮಾತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ, ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದ ನೌಕರರನ್ನು ಸರ್ಕಾರಿ ಸಂಸ್ಥೆಗಳು ತೆಗೆಯುವಂತಿಲ್ಲ. ಅದೇ ಸಂಬಳದಲ್ಲಿ ಬೇರೆ ಕೆಲಸ ಕೊಡಬೇಕು. ಆ ರಕ್ಷಣೆ ಖಾಸಗಿ ಕಾರ್ಖಾನೆಯವರಿಗೆ ಇಲ್ಲ.

ಕಂಪನಿ ಕೊಡುವ ಪರಿಹಾರ ಕೆಲಸದಲ್ಲಿ ಆದ ಪೆಟ್ಟಿಗೆ ಮಾತ್ರ. ಭಾನುವಾರ ಮಗಳನ್ನು ಕೂರಿಸಿಕೊಂಡು ಬೈಕಿನಲ್ಲಿ ಊರಿಗೆ ಹೋಗುವಾಗ ತುಮಕೂರು ರಸ್ತೆಯಲ್ಲಿ ಜಾರಿ ಬಿದ್ದರೆ ಕಂಪನಿಗೆ ಸಂಬಂಧವೇ ಇಲ್ಲ.

ಆಗ ನಿಮ್ಮ ಎರಡು ಪಾಲಿಸಿ ಏನು ಮಾಡುತ್ತವೆ? ಆರೋಗ್ಯ ವಿಮೆ ಆಸ್ಪತ್ರೆಯ ಬಿಲ್ಲು ಕಟ್ಟುತ್ತದೆ. ದಿನಸಿ ಅಂಗಡಿ ಬಿಲ್ಲು ಕಟ್ಟಲ್ಲ, ಸ್ಕೂಲ್ ಫೀಸು ಕಟ್ಟಲ್ಲ. ಟರ್ಮ್ ಪಾಲಿಸಿ ನೀವು ಹೋದ ಮೇಲೆ ಕೊಡುತ್ತದೆ. ನೀವು ಬದುಕಿದ್ದು ದುಡಿಯಲು ಆಗದೆ ಹೋದರೆ ಎರಡೂ ಸುಮ್ಮನಿರುತ್ತವೆ. ಆ ಹೊತ್ತಿನಲ್ಲಿ ಮನೆಗೆ ಖರ್ಚು ಜಾಸ್ತಿ. ಊಟಕ್ಕೆ ಒಬ್ಬರು ಕಮ್ಮಿಯಾಗಿಲ್ಲ, ಜೊತೆಗೆ ಔಷಧಿ, ಫಿಸಿಯೋಥೆರಪಿ, ಆಟೋ ಖರ್ಚು ಸೇರಿದೆ. ನಿಮ್ಮನ್ನು ನೋಡಿಕೊಳ್ಳಲು ಹೆಂಡತಿ ಹೊಲಿಗೆ ಮೆಷಿನ್ ಮುಚ್ಚಿಟ್ಟಿದ್ದಾಳೆ. ಎರಡು ದುಡಿಮೆ ಒಟ್ಟಿಗೆ ನಿಂತಿದೆ.

ಕೆಲಸಗಾರರ ಕ್ಲೇಮ್ ಕಾಗದ ತುಂಬಿಸಿಕೊಡುವ ಕೆಲಸದಲ್ಲಿ ನಾನು ಬಹಳ ವರ್ಷ ಕಳೆದಿದ್ದೇನೆ. ಒಬ್ಬರು ನೆನಪಿನಿಂದ ಹೋಗಲ್ಲ. ನಿಮ್ಮದೇ ಕೆಲಸ, ಪವರ್ ಪ್ರೆಸ್. ಬಲಗೈ ಹೆಬ್ಬೆರಳು ಬುಡದವರೆಗೆ ಹೋಗಿತ್ತು. ನನ್ನ ಮೇಜಿನ ಮುಂದೆ ಕೂತು ಫಾರಂಗೆ ಎಡಗೈಯಲ್ಲಿ ಸಹಿ ಮಾಡಿದರು. ಮೊದಲ ಸಲ ಶಾಲೆಗೆ ಹೋದ ಮಗು ಬರೆದ ಹಾಗೆ, ಅಕ್ಷರಗಳು ಒಂದರ ಮೇಲೊಂದು. ವಾರ ಕಳೆದು ವಾಪಸ್ ಬಂದರು. ಬ್ಯಾಂಕಿನಲ್ಲಿರುವ ಹಳೇ ಸಹಿಗೆ ಇದು ಹೊಂದುತ್ತಿಲ್ಲವಂತೆ, ಅವರದೇ ದುಡ್ಡು ತೆಗೆಯಲು ಆಗಿಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ಮೊದಲಿಂದ ಬಲಗೈ ಹೆಬ್ಬೆರಳನ್ನೇ ಒತ್ತುತ್ತಿದ್ದವರು, ಆ ತಿಂಗಳು ಕೈಯನ್ನು ಟವೆಲ್‌ನಲ್ಲಿ ಮುಚ್ಚಿಕೊಂಡು ಹೆಂಡತಿಯನ್ನು ಕಳಿಸಿದ್ದರು. ಕಂಪನಿ ಕೆಲಸದಿಂದ ತೆಗೆಯಲಿಲ್ಲ. ಪ್ಯಾಕಿಂಗ್‌ನಲ್ಲಿ ಪೀಸು ಎಣಿಸುವ ಕೆಲಸ ಕೊಟ್ಟರು, ಸಂಬಳ ಹೆಚ್ಚುಕಮ್ಮಿ ಅರ್ಧ. ಗಾಯ ಮಾಗುವ ಮೊದಲೇ ಕೈಸಾಲ ಶುರುವಾಗಿತ್ತು. ಚೀಟಿ ಎತ್ತಿದ್ದು ಬೇರೆ.

ಕಾನೂನಿನ ಪಟ್ಟಿಯಲ್ಲಿ ಹೆಬ್ಬೆರಳು ಹೋದರೆ ಶೇ 30 ದುಡಿಮೆ ನಷ್ಟ ಅಂತ ಇದೆ. ಒಂದು ಕಣ್ಣು ಹೋಗಿ ಇನ್ನೊಂದು ಸರಿಯಿದ್ದರೆ ಶೇ 40. ತೋರುಬೆರಳು ಪೂರ್ತಿ ಹೋದರೆ ಶೇ 14. ಪೇಪರಿನ ಮೇಲೆ ಶೇ 30. ಆದರೆ ಹೆಬ್ಬೆರಳಿಲ್ಲದೆ ಡೈ ಹಿಡಿಯೋದು ಹೇಗೆ, ಸ್ಪ್ಯಾನರ್ ತಿರುಗಿಸೋದು ಹೇಗೆ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? 1975ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಒಬ್ಬ ಬಡಗಿಯ ಕೇಸು ಬಂದಿತ್ತು. ಎಡಗೈ ಮೊಣಕೈಯಿಂದ ಮೇಲೆ ಕತ್ತರಿಸಬೇಕಾಗಿ ಬಂದಿತ್ತು. ಒಂದೇ ಕೈಯಲ್ಲಿ ಮರಗೆಲಸ ಮಾಡಲು ಆಗಲ್ಲ, ಹಾಗಾಗಿ ಇವನಿಗೆ ಆಗಿರುವುದು ಪೂರ್ತಿ ನಷ್ಟ ಅಂತ ಕೋರ್ಟ್ ಒಪ್ಪಿತು. ಎಷ್ಟು ಅಂಗ ಹೋಯಿತು ಅನ್ನುವುದಕ್ಕಿಂತ ಅವನ ಕಸುಬು ಎಷ್ಟು ಹೋಯಿತು ಅಂತ ನೋಡಿದ ತೀರ್ಪು ಅದು. ಆದರೆ ಆ ಮಾತು ನಡೆಯುವುದು ಪರಿಹಾರದ ಕಾನೂನಿನಲ್ಲಿ. ನೀವು ದುಡ್ಡು ಕೊಟ್ಟು ತಗೊಳ್ಳುವ ಪಾಲಿಸಿಯಲ್ಲಿ ನಡೆಯೋದು ಪಾಲಿಸಿಯ ಒಳಗೆ ಅಚ್ಚಾದ ಪಟ್ಟಿ. ಅದಕ್ಕೇ ಸಹಿ ಹಾಕುವ ಮೊದಲು ಆ ಪಟ್ಟಿ ಓದಿ ಅಂತ ಗಂಟಲು ಹರಿಯುವ ಹಾಗೆ ಹೇಳುತ್ತೇನೆ.

ಈಗ ಏನು ತಗೋಬೇಕು ಅಂತ ನೋಡೋಣ.

ನಿಮ್ಮ ಏಜೆಂಟ್ ಅಂಗವೈಕಲ್ಯ ವಿಮೆ ಅಂತ ಹೇಳುತ್ತಿರುವುದು ಹೆಚ್ಚಾಗಿ ವೈಯಕ್ತಿಕ ಅಪಘಾತ ವಿಮೆ ಇರಬೇಕು. ಅದರಲ್ಲಿ ಸಾಮಾನ್ಯವಾಗಿ ನಾಲ್ಕು ಭಾಗ ಇರುತ್ತದೆ. ಅಪಘಾತದಿಂದ ಸಾವು, ಶಾಶ್ವತ ಪೂರ್ಣ ಅಂಗವೈಕಲ್ಯ, ಶಾಶ್ವತ ಭಾಗಶಃ ಅಂಗವೈಕಲ್ಯ, ತಾತ್ಕಾಲಿಕ ಪೂರ್ಣ ಅಂಗವೈಕಲ್ಯ. ಮಾರುವವರು ಮೊದಲ ಎರಡರ ಬಗ್ಗೆ ಜೋರಾಗಿ ಮಾತಾಡುತ್ತಾರೆ. ನಿಮ್ಮಂಥವರಿಗೆ ದಿನನಿತ್ಯದ ಅಪಾಯ ಇರೋದು ಕೊನೆಯ ಎರಡರಲ್ಲಿ. ಬೆರಳು, ಮುರಿದ ಕಾಲು, ಆರು ತಿಂಗಳ ಮಂಚ.

ಹೋಲಿಸಿ ನೋಡಲು ಒಂದು ಅಳತೆಗೋಲು ಇದೆ. 2021ರ ಏಪ್ರಿಲ್‌ನಿಂದ ಸಾಮಾನ್ಯ ವಿಮಾ ಕಂಪನಿಗಳೆಲ್ಲ 'ಸರಳ ಸುರಕ್ಷಾ ಬಿಮಾ' ಅನ್ನುವ ಒಂದೇ ನಮೂನೆಯ ಅಪಘಾತ ಪಾಲಿಸಿ ಮಾರಬೇಕು ಅಂತ ವಿಮಾ ನಿಯಂತ್ರಣ ಪ್ರಾಧಿಕಾರ ಹೇಳಿತು. ಎರಡೂವರೆ ಲಕ್ಷದಿಂದ ಒಂದು ಕೋಟಿವರೆಗೆ ವಿಮೆ ಮೊತ್ತ ಆರಿಸಿಕೊಳ್ಳಬಹುದು. ತಾತ್ಕಾಲಿಕ ಅಂಗವೈಕಲ್ಯದ ಭಾಗ ಅದರಲ್ಲಿ ತಾನಾಗಿ ಬರಲ್ಲ, ಕೇಳಿ ಸೇರಿಸಿಕೊಳ್ಳಬೇಕು. ಸೇರಿಸಿದರೆ ವಿಮೆ ಮೊತ್ತದ ಶೇ 0.2 ಪ್ರತಿ ವಾರ, 100 ವಾರದವರೆಗೆ. ನೀವು 40 ಲಕ್ಷಕ್ಕೆ ಮಾಡಿಸಿದರೆ ವಾರಕ್ಕೆ 8,000. ನಿಮ್ಮ ಸಂಬಳ ವಾರಕ್ಕೆ ಸುಮಾರು 7,400 ಬೀಳುತ್ತದೆ. ಸರಿಹೋಯಿತಲ್ಲ? 40 ಲಕ್ಷ ಅಂದರೆ ನಿಮ್ಮ ವಾರ್ಷಿಕ ಸಂಬಳದ ಹತ್ತು ಪಟ್ಟು ಹತ್ತಿರ ಹತ್ತಿರ. ನಾನು ನಿಮಗೆ ಹೇಳುವುದು ಈ ಮೊತ್ತವನ್ನೇ. ಬೇರೆ ಪಾಲಿಸಿಗಳಲ್ಲಿ ವಾರದ ಹಣಕ್ಕೆ ಬೇರೆ ದರ, ಬೇರೆ ಮಿತಿ ಇರುತ್ತದೆ. ಈ ಲೆಕ್ಕದ ಪಕ್ಕ ಇಟ್ಟು ನೋಡಿ.

ಫಾರಂನಲ್ಲಿ ಕೆಲಸದ ಕಾಲಂ ಬಗ್ಗೆ ಹುಷಾರು. ಪ್ರೀಮಿಯಂ ನಿಂತಿರೋದು ಕೆಲಸದ ಅಪಾಯದ ಮೇಲೆ. ಆಫೀಸಿನವರಿಗೆ ಕಮ್ಮಿ, ಮೆಷಿನ್ ಮೇಲೆ ಕೆಲಸ ಮಾಡುವವರಿಗೆ ಸ್ವಲ್ಪ ಜಾಸ್ತಿ. ನಾಲ್ಕು ನೂರು ಉಳಿಸೋಕೆ "ಸೂಪರ್‌ವೈಸರ್ ಅಂತ ಬರೆದುಬಿಡಿ ಸಾರ್" ಅನ್ನುವವರಿದ್ದಾರೆ. ಬರೆಯಬೇಡಿ. ಪ್ರೆಸ್ ಆಪರೇಟರ್ ಅಂತಲೇ ಬರೆಯಿರಿ. ಕೈ ಪ್ರೆಸ್‌ನಲ್ಲಿ ಸಿಕ್ಕಿದ ದಿನ ಆ ಒಂದು ಸುಳ್ಳು ಇಡೀ ಕ್ಲೇಮನ್ನು ಮುಳುಗಿಸುತ್ತದೆ.

ಇನ್ನು ಕಾಯಿಲೆ. ಅಪಘಾತ ವಿಮೆ ಅಪಘಾತಕ್ಕೆ ಮಾತ್ರ. ಇದನ್ನು ನಾನು ಕಲಿತದ್ದು ನಮ್ಮ ಮನೆಯಲ್ಲೇ. ಚಿಕ್ಕಪ್ಪ ಲಾರಿ ಡ್ರೈವರ್. 48ನೇ ವಯಸ್ಸಿನಲ್ಲಿ ಬೆಳಗ್ಗೆ ಹಲ್ಲುಜ್ಜುವಾಗ ಬ್ರಷ್ ಕೈಯಿಂದ ಬಿತ್ತು, ಬಗ್ಗಿ ಎತ್ತಿಕೊಳ್ಳಲು ಆಗಲಿಲ್ಲ. ಪಾರ್ಶ್ವವಾಯು. ಚಿಕ್ಕಮ್ಮ ಟ್ರಂಕಿನಿಂದ ಪಾಲಿಸಿ ತೆಗೆದುಕೊಟ್ಟಾಗ ಅವರ ಮುಖದಲ್ಲಿ ಧೈರ್ಯ ಇತ್ತು. ನಾನು ಎರಡನೇ ಪುಟ ಓದಿ ತಲೆ ಎತ್ತಲು ಆಗದೆ ಕೂತೆ. ಹೊರಗಿನ ಪೆಟ್ಟಿನಿಂದ ಆದರೆ ಮಾತ್ರ ಅಂತ ಇತ್ತು. ಚಿಕ್ಕಪ್ಪ ಮತ್ತೆ ಸ್ಟೀರಿಂಗ್ ಹಿಡಿಯಲಿಲ್ಲ. ಒಂದು ರೂಪಾಯಿ ಬರಲಿಲ್ಲ.

ಕಾಯಿಲೆಯಿಂದ ದುಡಿಮೆ ನಿಂತರೆ ತಿಂಗಳು ತಿಂಗಳು ಸಂಬಳದ ಹಾಗೆ ಹಣ ಕೊಡುವ ಪಾಲಿಸಿ ಅಮೆರಿಕ, ಜರ್ಮನಿಯಂಥ ದೇಶಗಳಲ್ಲಿ ಮಾಮೂಲಿ. ನಮ್ಮಲ್ಲಿ ಒಬ್ಬ ಕೆಲಸಗಾರ ಹೋಗಿ ಕೊಳ್ಳುವ ಹಾಗೆ ಅದು ಸುಲಭವಾಗಿ ಸಿಗಲ್ಲ. ಹಾಗಾಗಿ ಹತ್ತಿರದ ದಾರಿ ಗಂಭೀರ ಕಾಯಿಲೆ ವಿಮೆ. ಕ್ಯಾನ್ಸರ್, ಹೃದಯಾಘಾತ, ಪಾರ್ಶ್ವವಾಯು, ಕಿಡ್ನಿ ಫೇಲ್ ಇಂಥ ಪಟ್ಟಿಯಲ್ಲಿರುವ ಕಾಯಿಲೆ ಬಂದರೆ ಒಂದೇ ಸಲ ಇಡಿಗಂಟು ಕೊಡುತ್ತದೆ. ಆಸ್ಪತ್ರೆ ಬಿಲ್ಲು ಕೇಳಲ್ಲ, ಆ ದುಡ್ಡಿನಲ್ಲಿ ಮನೆ ನಡೆಸಬಹುದು. ಶರತ್ತುಗಳಿವೆ. ಪಾಲಿಸಿ ಶುರುವಾದ ಮೊದಲ 90 ದಿನ ಸಾಮಾನ್ಯವಾಗಿ ಲೆಕ್ಕಕ್ಕಿಲ್ಲ. ಪಾರ್ಶ್ವವಾಯು ಆದರೆ ನರದ ತೊಂದರೆ ಕನಿಷ್ಠ ಮೂರು ತಿಂಗಳು ಉಳಿದಿರಬೇಕು. ನಿಮಗೆ ಬಿಪಿ, ಶುಗರ್ ಇದ್ದರೆ ಮುಚ್ಚಿಡಬೇಡಿ. 10 ಲಕ್ಷದ್ದು ಸಿಕ್ಕರೂ ಸಾಕು, ಇಲ್ಲಿ ದೊಡ್ಡ ಮೊತ್ತಕ್ಕೆ ಪ್ರೀಮಿಯಂ ಭಾರವಾಗುತ್ತದೆ. ಬೆನ್ನುನೋವು, ಸಂಧಿವಾತ ಇದರ ಪಟ್ಟಿಯಲ್ಲಿ ಇರಲ್ಲ. ಮೆಷಿನ್ ಮುಂದೆ ನಿಂತು ದುಡಿಯುವವರಿಗೆ ಅದೇ ಬರೋದು ಜಾಸ್ತಿ. ಅದಕ್ಕೆ ವಿಮೆಯ ಉತ್ತರ ಇಲ್ಲ. ಆರು ತಿಂಗಳ ಮನೆಖರ್ಚು ಬೇರೆ ಖಾತೆಯಲ್ಲಿ ಇಡುವುದೊಂದೇ ದಾರಿ. ಕ್ಲೇಮ್ ಹಣ ಬರಲು ತಡವಾದಾಗಲೂ ಅದೇ ಕಾಯುತ್ತದೆ.

ನಿಮ್ಮ ಟರ್ಮ್ ಪಾಲಿಸಿಯನ್ನೂ ಒಮ್ಮೆ ತೆಗೆದು ನೋಡಿ. ಅಂಗವೈಕಲ್ಯ ಬಂದರೆ ಮುಂದಿನ ಪ್ರೀಮಿಯಂ ಮನ್ನಾ ಮಾಡುವ ರೈಡರ್, ಅಂದರೆ ಪಾಲಿಸಿಗೆ ಸೇರಿಸಿಕೊಳ್ಳುವ ಹೆಚ್ಚುವರಿ ಸೌಲಭ್ಯ, ಇದೆಯಾ? ಇಲ್ಲದಿದ್ದರೆ ಸಂಬಳ ನಿಂತ ಮೇಲೆ ಆ 50 ಲಕ್ಷದ ಪಾಲಿಸಿ ಕಂತು ಕಟ್ಟಲಾಗದೆ ಸಾಯುತ್ತದೆ. ಮನೆ ಸಾಲದ ಜೊತೆ ಬ್ಯಾಂಕಿನವರು ಒಂದು ವಿಮೆ ಸೇರಿಸಿರಬಹುದು. ಅದು ಸಾವಿಗೆ ಮಾತ್ರವಾ, ಅಂಗವೈಕಲ್ಯಕ್ಕೂ ಇದೆಯಾ ಅಂತ ಕೇಳಿ. ಕಾರ್ಖಾನೆಯಲ್ಲಿ ಗುಂಪು ಅಪಘಾತ ವಿಮೆ ಇದೆಯಾ ಅಂತ ಎಚ್‌ಆರ್ ಹತ್ತಿರ ವಿಚಾರಿಸಿ. ಇದ್ದರೆ ಒಳ್ಳೆಯದು, ಆದರೆ ಕೆಲಸ ಬಿಟ್ಟ ದಿನ ಅದು ಮುಗಿಯುತ್ತದೆ. ಅದನ್ನು ನಂಬಿ ಸ್ವಂತದ್ದು ಬಿಡಬೇಡಿ.

ಏನೂ ಬೇಡ ಅಂತ ನೀವು ತೀರ್ಮಾನ ಮಾಡಿದರೂ ಒಂದನ್ನು ಬಿಡಬೇಡಿ. 2015ರಲ್ಲಿ ಶುರುವಾದ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ. ವರ್ಷಕ್ಕೆ 20 ರೂಪಾಯಿ. 18ರಿಂದ 70 ವರ್ಷದೊಳಗಿನ, ಬ್ಯಾಂಕ್ ಖಾತೆ ಇರುವ ಯಾರು ಬೇಕಾದರೂ ಸೇರಬಹುದು. ಅಪಘಾತದಲ್ಲಿ ಸತ್ತರೆ, ಅಥವಾ ಎರಡೂ ಕಣ್ಣು, ಎರಡೂ ಕೈ ಇಲ್ಲವೇ ಕಾಲು, ಅಥವಾ ಒಂದು ಕಣ್ಣಿನ ಜೊತೆ ಒಂದು ಕೈ ಇಲ್ಲವೇ ಕಾಲು ಹೋದರೆ 2 ಲಕ್ಷ. ಒಂದು ಕಣ್ಣು, ಒಂದು ಕೈ ಅಥವಾ ಒಂದು ಕಾಲು ಹೋದರೆ 1 ಲಕ್ಷ. ಬೆರಳಿಗೆ ಏನೂ ಇಲ್ಲ, ವಾರದ ಹಣವೂ ಇಲ್ಲ. ಆದರೂ 20 ರೂಪಾಯಿಗೆ ಇಷ್ಟು ಬೇರೆಲ್ಲೂ ಸಿಗಲ್ಲ. ನಿಮ್ಮ ಹೆಂಡತಿ ಹೆಸರಲ್ಲೂ ಮಾಡಿಸಿ, ಅಮ್ಮನಿಗೆ 70 ಆಗಿಲ್ಲದಿದ್ದರೆ ಅವರಿಗೂ. ಹೆಂಡತಿಯ ಹೊಲಿಗೆ ಮನೆಯ ಎರಡನೇ ಸಂಬಳ. ಅವರ ಕೈಗೂ ಬೆಲೆ ಇದೆ.

ಕ್ಲೇಮ್ ಮಾಡುವ ದಿನ ಬಾರದಿರಲಿ. ಬಂದರೆ ಮೊದಲ ಗಂಟೆಯಲ್ಲಿ ಬರೆದ ಕಾಗದ ಮುಖ್ಯವಾಗುತ್ತದೆ. ಆಸ್ಪತ್ರೆಗೆ ಹೋದ ತಕ್ಷಣ ಏನಾಯಿತು, ಎಲ್ಲಿ, ಎಷ್ಟು ಹೊತ್ತಿಗೆ ಅಂತ ಇದ್ದದ್ದನ್ನು ಇದ್ದ ಹಾಗೆ ಬರೆಸಿ. ಕಾರ್ಖಾನೆಯ ಅಪಘಾತವನ್ನು "ಮನೆಯಲ್ಲಿ ಬಿದ್ದರು ಅಂತ ಬರೆಸಿ, ಖರ್ಚು ನಾವು ನೋಡಿಕೊಳ್ತೀವಿ" ಅನ್ನುವ ಸೂಪರ್‌ವೈಸರ್‌ಗಳನ್ನು ನಾನು ಕಂಡಿದ್ದೇನೆ. ಆಮೇಲೆ ಆ ಒಂದು ಸಾಲನ್ನು ಅಳಿಸಲು ಯಾರಿಂದಲೂ ಆಗಲ್ಲ. ರಸ್ತೆ ಅಪಘಾತವಾದರೆ ಎಫ್‌ಐಆರ್ ಬೇಕು. ಡ್ರೈವಿಂಗ್ ಲೈಸೆನ್ಸ್ ಚಾಲ್ತಿಯಲ್ಲಿರಬೇಕು. ಕುಡಿದಿದ್ದರೆ ಕ್ಲೇಮ್ ಹೋಯಿತು ಅಂತಲೇ ತಿಳಿಯಿರಿ. ಸಂಬಳದ ಚೀಟಿ, ಬ್ಯಾಂಕ್ ಪಾಸ್‌ಬುಕ್ ಒಂದು ಕವರಿನಲ್ಲಿ ಪಾಲಿಸಿ ಜೊತೆಗೇ ಇಡಿ. ಆ ಕವರ್ ಎಲ್ಲಿದೆ ಅಂತ ಹೆಂಡತಿಗೆ ಗೊತ್ತಿರಲಿ, ಯಾಕಂದ್ರೆ ಆವತ್ತು ಹುಡುಕುವವರು ನೀವಲ್ಲ.

ಏಜೆಂಟ್ ವಿಷಯ ಕೇಳಿದ್ದೀರಿ. ಅವರು ಕಮಿಷನ್‌ಗೆ ಹೇಳುತ್ತಿರಬಹುದು, ಆದರೂ ಹೇಳುತ್ತಿರುವುದು ಸರಿ. ಅವರನ್ನು ಕೂರಿಸಿ ಮೂರು ಪ್ರಶ್ನೆ ಕೇಳಿ. ಹೆಬ್ಬೆರಳು ಹೋದರೆ ಎಷ್ಟು? ಕಾಲು ಮುರಿದು ನಾಲ್ಕು ತಿಂಗಳು ಮಲಗಿದರೆ ವಾರಕ್ಕೆ ಎಷ್ಟು? ಪ್ರೆಸ್ ಆಪರೇಟರ್ ಅಂತ ಬರೆದರೆ ಪ್ರೀಮಿಯಂ ಎಷ್ಟು? ಮೂರಕ್ಕೂ ಪಾಲಿಸಿ ಕಾಗದದಲ್ಲಿ ಬೆರಳಿಟ್ಟು ತೋರಿಸಿದರೆ ಮಾಡಿಸಿ. ಬಾಯಲ್ಲಿ ಮಾತ್ರ ಹೇಳಿದರೆ ಬೇರೆಯವರನ್ನು ನೋಡಿ.

20 ರೂಪಾಯಿಯದನ್ನು ಮಾತ್ರ ಈ ವಾರವೇ ಬ್ಯಾಂಕಿಗೆ ಹೋಗಿ ಮುಗಿಸಿ. ಅದರ ವರ್ಷ ಜೂನ್ 1ಕ್ಕೆ ಶುರುವಾಗಿ ಮೇ 31ಕ್ಕೆ ಮುಗಿಯುತ್ತದೆ, ಹಣ ಖಾತೆಯಿಂದ ತಾನಾಗೇ ಹೋಗುತ್ತದೆ. ಮೇ ಕೊನೆಯಲ್ಲಿ ಕಂತು, ಫೀಸು ಅಂತ ಖಾತೆ ಬರಿದಾಗಿರುತ್ತದೆ. ಆ 20 ರೂಪಾಯಿ ಇಲ್ಲದೆ ಎಷ್ಟೋ ಜನರ ರಕ್ಷಣೆ ಅಲ್ಲಿಗೇ ನಿಂತುಹೋಗಿದೆ. ನೀವಿಬ್ಬರೂ ಆ ವಾರ ಖಾತೆಯಲ್ಲಿ ನೂರು ರೂಪಾಯಿ ಬಿಟ್ಟಿರಿ.